ಮುಳುಗುವವರ ಮಡಿ

ಮನೆಯಿಂದ ಹೊರಡುವಾಗ ನನಗೊಂದು ಚಟವಿದೆ. ಚಪ್ಪಲಿ ಮೆಟ್ಟಿದ ಮೇಲೆ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಬಲಗೈಯಿಂದ ಎದೆ, ಎಡ ಸೊಂಟ, ಬಲ ಸೊಂಟ, ಕೊನೆಗೆ ಬಗ್ಗಿ ಎರಡೂ ಮೀನಖಂಡ ಮುಟ್ಟಿ ನೋಡಿಕೊಳ್ಳುತ್ತೇನೆ. ಎದೆಯ ಜೇಬಿನಲ್ಲಿ ಕನ್ನಡಕ, ಸೊಂಟದ ಆಚೀಚೆ ಬೀಗದಕೈ ಮತ್ತು ಕರವಸ್ತ್ರ. ಇಷ್ಟರವರೆಗೆ ಯಾರಾದರೂ ಒಪ್ಪುವ ಮಾತು. ಮೀನಖಂಡದ ಮೇಲೆ ಏನಿದೆ ಎಂದು ನೀವು ಕೇಳಿದರೆ, ಏನೂ ಇಲ್ಲ. ಏನೂ ಇಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳುವುದಕ್ಕೇ ಮುಟ್ಟುವುದು. ಎದುರು ಮನೆಗೆ ಹೊಸದಾಗಿ ಬಂದ ಅಜ್ಜಿಯೊಬ್ಬರು ಇದನ್ನು ನಾಲ್ಕಾರು ದಿನ ಗಮನಿಸಿ, "ಈ ಕಾಲದಲ್ಲೂ ಅಂಗನ್ಯಾಸ ಮಾಡದೆ ಹೊಸಿಲು ದಾಟದವರು ಇದ್ದಾರಲ್ಲಾ!" ಎಂದು ನನ್ನ ಹೆಂಡತಿ ಸುಧಾಳ ಹತ್ತಿರ ಕೊಂಡಾಡಿದರಂತೆ.

ಸುಧಾ ಒಳಗೆ ಬಂದವಳೇ, "ಹಾಲಿನ ಬೂತಿಗೆ ಹೋಗ್ತಿದೀರಿ, ಸಮುದ್ರಕ್ಕೆ ಧುಮುಕಕ್ಕಲ್ಲ. ಇನ್ನಾದರೂ ಬಿಡಬಾರದಾ ಆ ತಡಕಾಟ?" ಎಂದಳು.

ಬಿಡಬಹುದಿತ್ತು. ಆದರೆ ಈ ತಡಕಾಟವೊಂದೇ ನಾನು ಒಂದಾನೊಂದು ಕಾಲದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಬಂಗಾಳ ಕೊಲ್ಲಿಯ ತಳ ಮುಟ್ಟಿ ಬಂದವನು ಎಂಬುದಕ್ಕೆ ಉಳಿದಿರುವ ಸಾಕ್ಷಿ. ಈಗಿನ ನನ್ನ ಹೊಟ್ಟೆಯನ್ನು ನೋಡಿದವರು, ಇವನು ಮುಳುಗುವುದೆಂದರೇನು, ಸುಮ್ಮನೆ ತೇಲಿರಬೇಕು ಎಂದು ನಗುತ್ತಾರೆ. ಅವರದೇನೂ ತಪ್ಪಿಲ್ಲ. ಆಗಲೂ ನಾನು ಮುಳುಗಿದ್ದಕ್ಕಿಂತ ತೇಲಿದ್ದೇ ಹೆಚ್ಚು.

ಆಗ ನಾನು ಮದ್ರಾಸಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಮನೆ ತ್ರಿಪ್ಲಿಕೇನಿನ ಓಣಿಯೊಂದರಲ್ಲಿ. ಕೆಳಗೆ ನಾವು, ಮಹಡಿಯಲ್ಲಿ ಸೋದರಮಾವ. ಅಪ್ಪ ಒಂದು ಮಠದ ಪಂಚಾಂಗ ನೋಡುವವರು, ಮಾವ ಇನ್ನೊಂದು ಮಠದ್ದು. ಆದ್ದರಿಂದ ಕೆಲವೊಮ್ಮೆ ಏಕಾದಶಿ ಕೆಳಗೆ ಒಂದು ದಿನ ಬಂದರೆ ಮಹಡಿಯಲ್ಲಿ ಅದರ ಮರುದಿನ ಬರುತ್ತಿತ್ತು. ಹಿರಿಯರಿಬ್ಬರೂ ಮೆಟ್ಟಿಲ ಬುಡದಲ್ಲಿ ನಿಂತು ದಶಮಿಯ ಘಳಿಗೆ ವಿಘಳಿಗೆಗಳ ಲೆಕ್ಕ ಹಿಡಿದು ವಾದಿಸುತ್ತಿದ್ದರೆ, ನಾನು ಕೆಳಗೆ ಉಪವಾಸದ ದಿನ ಮೇಲೆ ಹತ್ತಿ ಊಟ ಮಾಡುತ್ತಿದ್ದೆ. ಮೇಲೆ ಉಪವಾಸದ ದಿನ ಕೆಳಗೆ ಇಳಿದು ಪಾರಣೆಯ ಎಲೆಗೆ ಕೂರುತ್ತಿದ್ದೆ. ಎರಡು ಕಟ್ಟುನಿಟ್ಟಿನ ನಡುವೆ ಬೆಳೆದ ಹುಡುಗ ಎಷ್ಟು ಸುಖವಾಗಿರಬಹುದು ಎಂಬುದಕ್ಕೆ ನಾನೇ ಉದಾಹರಣೆ. ಇಂಥ ಸಡಿಲ ಮನುಷ್ಯ ಮುಂದೆ ಒಂದು ಮಡಿವಂತರ ಗುಂಪಿಗೆ ಸೇರಿ, ಅವರೆಲ್ಲರಿಗಿಂತ ಹೆಚ್ಚು ಮಡಿ ಮಾಡಿದ ಎಂದರೆ ನಂಬುವುದು ಕಷ್ಟ.

ಆ ಗುಂಪಿಗೆ ನನ್ನನ್ನು ಎಳೆದವನು ದೊರೈ. ವಿಮೆಯ ಏಜೆಂಟ. ಬ್ಯಾಂಕಿನ ಕೌಂಟರಿಗೆ ಬಂದು ಮೊದಲು ನನಗೊಂದು ಪಾಲಿಸಿ ಮಾಡಿಸಿದ. ಅದಾದ ಮೇಲೆ, ಭಾನುವಾರ ಬಾ, ಸಮುದ್ರದ ಒಳಗೆ ಕರೆದುಕೊಂಡು ಹೋಗುತ್ತೇನೆ ಎಂದ. ಪಾಲಿಸಿಯನ್ನು ಮೊದಲು ಮಾಡಿಸಿದ್ದು ಯಾಕೆಂದು ನನಗೆ ಅನುಮಾನ ಬಂದದ್ದು ಬಹಳ ತಡವಾಗಿ.

ತಿರುವೊಟ್ಟಿಯೂರಿನ ದಂಡೆಯಲ್ಲಿ, ಬಲೆ ಒಣಹಾಕುವ ಜಾಗದ ಪಕ್ಕ ತಗಡಿನ ಶೆಡ್ಡೊಂದಿತ್ತು. ಅದರಲ್ಲಿ ಗಾಳಿ ತುಂಬುವ ಹಳೆಯ ಯಂತ್ರ. ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದ ಏಳೆಂಟು ಜನರಲ್ಲಿ ಒಬ್ಬನ ಬಳಿಯೂ ಅಂಗಡಿಯಲ್ಲಿ ಹೊಸದಾಗಿ ಕೊಂಡ ಸಾಮಾನು ಇರಲಿಲ್ಲ. ಮಾಸ್ಕುಗಳು ಬರ್ಮಾ ಬಜಾರಿನವು. ಚಾಕುಗಳು ಮೂರ್ ಮಾರ್ಕೆಟಿನವು. ಸಿಲಿಂಡರುಗಳು ಒಡೆಯಲು ಬಂದ ಯಾವುದೋ ಹಡಗಿನಿಂದ ಹರಾಜಿನಲ್ಲಿ ಹಿಡಿದವು. ಮುಳುಗಲು ಭಾರಕ್ಕೆಂದು ಸೊಂಟಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಮಾತ್ರ ಅಲ್ಲೇ ಕರಗಿಸಿ ಎರಕ ಹೊಯ್ಯುತ್ತಿದ್ದರು. ಹೊಯ್ಯುತ್ತಿದ್ದವರು ಭೀಮಸೇನ ರಾಯರು.

ರಾಯರು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫೋರ್‌ಮನ್. ಆದವಾನಿ ಕಡೆಯ ಮಾಧ್ವರು. ಕುಳ್ಳು ದೇಹ, ಗಟ್ಟಿ ಕುತ್ತಿಗೆ, ಮೂಗಿನ ಕೆಳಗೆ ಯಾವಾಗಲೂ ನಶ್ಯದ ಒಂದು ಕಂದು ಗೆರೆ. ಅವರ ಸಿದ್ಧಾಂತ ಎರಡೇ ಮಾತಿನದು.

"ಬ್ಯಾಡಾದ್ದು ಬ್ಯಾಡ. ಬೇಕಾದ್ದು ಎಲ್ಲಾರದೂ ಒಂದೇ ಕಡೆ."

ಅಂದರೆ, ನೀರಿನೊಳಗೆ ಕೆಲಸಕ್ಕೆ ಬಾರದ ಒಂದು ದಾರದ ಎಳೆಯೂ ಮೈಮೇಲೆ ಇರಕೂಡದು. ಬೇಕಾದ ವಸ್ತು ಎಲ್ಲರ ಮೈಮೇಲೂ ಒಂದೇ ಜಾಗದಲ್ಲಿ ಇರಬೇಕು. ಚಾಕು ಎಡ ಸೊಂಟದಲ್ಲಿ. ಸಿನಿಮಾದವರ ಹಾಗೆ ಮೀನಖಂಡಕ್ಕೆ ಕಟ್ಟಿದರೆ ಬಲೆಯ ನೂಲು ಸಿಕ್ಕಿಕೊಳ್ಳುತ್ತದೆ. ಸೀಸದ ಬೆಲ್ಟಿನ ಬಕಲು ಹೊಟ್ಟೆಯ ನಡುವೆ, ಬಲಗೈ ಎಳೆದರೆ ಬಿಚ್ಚುವ ಹಾಗೆ. ಆ ಭಾರ ಕಳಚಿದರೆ ಮನುಷ್ಯ ತಾನಾಗಿ ಮೇಲಕ್ಕೆ ತೇಲುತ್ತಾನೆ. ಪಟ್ಟಿಯ ತುದಿಗಳೆಲ್ಲ ಒಳಗೆ ಮಡಚಿರಬೇಕು. ಯಾಕೆಂದರೆ ನಮ್ಮ ಸಮುದ್ರದ ನೀರು ಅಮ್ಮ ಮಾಡುತ್ತಿದ್ದ ಹುಳಿಯಷ್ಟು ಗಟ್ಟಿ. ಕೆಳಗೆ ಏನು ಕಾಣುತ್ತದೆ ಎಂದು ಬ್ಯಾಂಕಿನಲ್ಲಿ ಎಲ್ಲರೂ ಆಸೆಯಿಂದ ಕೇಳುತ್ತಿದ್ದರು. ಏನೂ ಕಾಣುತ್ತಿರಲಿಲ್ಲ. ಚಾಚಿದ ನಮ್ಮ ಕೈಯೇ ನಮಗೆ ಕಾಣುತ್ತಿರಲಿಲ್ಲ. ಅಂಥಲ್ಲಿ ಜೊತೆಗಾರನಿಗೆ ಏನಾದರೂ ಆದರೆ ಕಣ್ಣಿನಿಂದ ಉಪಯೋಗವಿಲ್ಲ. ಅವನ ಬಕಲು ಎಲ್ಲಿದೆ ಎಂಬುದು ನಮ್ಮ ಬೆರಳಿಗೆ ಗೊತ್ತಿರಬೇಕು. ಅದಕ್ಕೇ ನೀರಿಗೆ ಇಳಿಯುವ ಮೊದಲು ಪ್ರತಿಯೊಬ್ಬನೂ ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ ತನ್ನ ಬಕಲನ್ನು ಬಿಚ್ಚಿ ಹಾಕಿ ತೋರಿಸಬೇಕಿತ್ತು. ತೋರಿಸಲಾರದವನು ಆ ದಿನ ದಂಡೆಯ ಮೇಲೆ.

ದೊರೈಯದು ಇದಕ್ಕೆ ನೇರ ವಿರುದ್ಧ ಮತ. ವಿಮೆಯವನಲ್ಲವೇ? "ಒಣ್ಣು ಪೋನಾ ಇನ್ನೊಣ್ಣು ಇರುಕ್ಕಣುಂ ಸಾರ್" ಎನ್ನುತ್ತಿದ್ದ. ಒಂದು ಹೋದರೆ ಇನ್ನೊಂದು ಇರಬೇಕು. ಎರಡು ಮಾಸ್ಕು, ಎರಡು ಚಾಕು, ಎರಡು ಟಾರ್ಚು, ಕುತ್ತಿಗೆಗೊಂದು ಪೀಪಿ. ನೀರಿನೊಳಗೆ ಪೀಪಿ ಯಾರಿಗೆ ಊದುತ್ತೀ ಎಂದರೆ, ಮೇಲೆ ಬಂದಾಗ ದೋಣಿಯವರಿಗೆ ಎನ್ನುತ್ತಿದ್ದ. ದೋಣಿಯವನಿಗೆ ಕೇಳಿಸದಿದ್ದರೆ? ಅದಕ್ಕೇ ಇನ್ನೊಂದು ಪೀಪಿಯೂ ಇತ್ತು. ರಾಯರು ಪ್ರತಿ ಭಾನುವಾರ ಅವನ ಮೈಯಿಂದ ಒಂದೊಂದೇ ಸಾಮಾನು ಬಿಚ್ಚಿಸಿ ಮರಳಿನ ಮೇಲೆ ಇಡಿಸುತ್ತಿದ್ದರು. ದೊರೈ ನೀರಿಗಿಳಿದ ಮೇಲೆ ದಂಡೆಯಲ್ಲಿ ಉಳಿಯುತ್ತಿದ್ದ ಸಾಮಾನಿನಿಂದ ಇನ್ನೊಬ್ಬ ದೊರೈಯನ್ನು ತಯಾರು ಮಾಡಬಹುದಿತ್ತು.

ಮುಳುಗುವುದು ಯಾವಾಗಲೂ ಜೋಡಿಯಾಗಿ. ರಾಯರು ಮಾತ್ರ ಯಾರನ್ನೂ ಸುಲಭವಾಗಿ ಜೊತೆಗೆ ಕರೆದುಕೊಳ್ಳುತ್ತಿರಲಿಲ್ಲ. ಕತ್ತಲ ನೀರಿನಲ್ಲಿ ತಮ್ಮ ಪ್ರಾಣವನ್ನು ಯಾರ ಬೆರಳಿಗೆ ಒಪ್ಪಿಸಬಹುದು ಎಂದು ಅವರಿಗೆ ಅನ್ನಿಸುತ್ತದೋ, ಅಂಥವನೇ ಅವರ ಜೋಡಿ. ಮೊದಲ ತಿಂಗಳಲ್ಲೇ ನನಗೆ ಆಸೆ ಹುಟ್ಟಿತು. ಬ್ಯಾಂಕಿನಲ್ಲಿ ಬಡ್ತಿ ಬೇಡ, ಸಮುದ್ರದ ತಳದಲ್ಲಿ ನಿಧಿಯೂ ಬೇಡ. ರಾಯರು ಒಂದು ಸಲ ನನ್ನತ್ತ ಬೆರಳು ತೋರಿಸಿ, ಇವತ್ತು ನೀನು ನನ್ನ ಜೋಡಿ ಎನ್ನಬೇಕು. ಅಷ್ಟೇ.

ಅದಕ್ಕೊಂದು ಪರೀಕ್ಷೆ ಇತ್ತು. ಒಬ್ಬನ ಗಾಳಿ ಮುಗಿದರೆ ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡಬೇಕು. ಬಾಯಲ್ಲಿ ಕಚ್ಚಿಕೊಳ್ಳುವ ರಬ್ಬರು ಇದ್ದದ್ದು ಒಂದೇ. ಅವನು ಎರಡು ಉಸಿರು ತೆಗೆದು ನನಗೆ ಕೊಡಬೇಕು, ನಾನು ಎರಡು ಉಸಿರು ತೆಗೆದು ಅವನಿಗೆ ಕೊಡಬೇಕು. ಇದನ್ನು ಮೊದಲು ಈಜುಕೊಳದಲ್ಲಿ ಅಭ್ಯಾಸ ಮಾಡಿಸಿದರು. ರಾಯರೂ ನಾನೂ ಕೊಳದ ತಳದಲ್ಲಿ ಎದುರುಬದುರು ಮಂಡಿಯೂರಿ ಕುಳಿತೆವು. ರಾಯರು ಎರಡು ಉಸಿರು ತೆಗೆದು, ತಮ್ಮ ಬಾಯಿಂದ ರಬ್ಬರು ಬಿಡಿಸಿ ನನ್ನ ಕೈಗೆ ಕೊಟ್ಟರು.

ನಮ್ಮ ಮನೆಯಲ್ಲಿ ನೀರನ್ನು ಎತ್ತಿಯೇ ಕುಡಿಯಬೇಕು. ಲೋಟ ತುಟಿಗೆ ತಾಗಿಸಿದರೆ ಅಮ್ಮ ಆ ಲೋಟವನ್ನೂ ನನ್ನನ್ನೂ ಬಚ್ಚಲಿಗೆ ಅಟ್ಟುತ್ತಿದ್ದಳು. ಏಕಾದಶಿಯನ್ನು ಎರಡೂ ಕಡೆ ತಪ್ಪಿಸಿಕೊಂಡ ನಾನು ಎಂಜಲಿನ ಪಾಠವನ್ನು ಮಾತ್ರ ತಪ್ಪಿಸಿಕೊಂಡಿರಲಿಲ್ಲ. ಅದು ತಲೆಯಲ್ಲಿರಲಿಲ್ಲ, ಮೊಣಕೈಯಲ್ಲಿತ್ತು. ಇನ್ನೊಬ್ಬರ ಬಾಯಿಂದ ಬಂದ ರಬ್ಬರು ಕೈಗೆ ಸಿಕ್ಕಿದ್ದೇ ತಡ, ನನ್ನ ಮೊಣಕೈ ತಾನಾಗಿ ಮೇಲೆದ್ದಿತು, ತಲೆ ಹಿಂದಕ್ಕೆ ಬಾಗಿತು, ಬಾಯಿ ತೆರೆಯಿತು. ಸಿಲಿಂಡರಿನ ಗಾಳಿಯನ್ನು ನಾನು ತುಟಿಗೆ ತಾಗಿಸದೆ, ಎತ್ತಿ ಕುಡಿಯಲು ಹೊರಟಿದ್ದೆ.

ಗಾಳಿ ಎಂದಾದರೂ ನೀರಿನೊಳಗೆ ಕೆಳಕ್ಕೆ ಬಿದ್ದೀತೇ? ಅದು ಗುಳುಗುಳು ಎಂದು ಮೇಲಕ್ಕೆ ಹೋಯಿತು. ನನ್ನೊಳಗೆ ಬಂದದ್ದು ಕ್ಲೋರಿನ್ ಹಾಕಿದ ಕೊಳದ ನೀರು. ರಾಯರು ನನ್ನ ಕತ್ತಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆದು, ಕಟ್ಟೆಯ ಮೇಲೆ ಬೋರಲು ಮಲಗಿಸಿದರು.

"ಏನ್ ಮಾಡ್ಲಿಕ್ಕೆ ಹೋಗಿದ್ಯೋ?"

"ಎಂಜಲು ಆಗಬಾರದು ಅಂತ..." ಎಂದು ಕೆಮ್ಮಿದೆ.

ರಾಯರು ಮುಖದ ನೀರು ಒರೆಸಿಕೊಂಡರು. ನಗಬೇಕೋ ಅಳಬೇಕೋ ಎಂಬ ಮುಖ. "ಅಪ್ಪಾ, ನಾನೂ ಮಾಧ್ವಾನೇ. ಮಂತ್ರಾಲಯದ ಪಕ್ಕದ ಊರಾಗ ಹುಟ್ಟೀನಿ. ನೀರಾಗ ಎಂಜಲಿಲ್ಲ, ತಿಳೀತೇನು? ಇನ್ನೂ ಸ್ವಲ್ಪ ದಿನ ದೊರೈ ಜೊತಿಗೆ ಇಳಿ. ನೀ ಇನ್ನೂ ತಯಾರಿಲ್ಲ" ಎಂದರು.

ಆ ಸ್ವಲ್ಪ ದಿನ ವರ್ಷಗಳಾಯಿತು. ನಾನು ಎರಡು ಪೀಪಿಯ ದೊರೈಯ ಜೋಡಿಯಾಗಿ ಉಳಿದೆ. ಅಷ್ಟರಲ್ಲಿ ನನಗೆ ಮದುವೆಯೂ ಆಯಿತು. ಆದರೆ ಆಸೆ ಬಿಡಲಿಲ್ಲ. ಉಸಿರು ಹಂಚಿಕೊಳ್ಳುವುದನ್ನು ಕಲಿಯುವ ಬದಲು, ಕಲಿಯಲು ಸುಲಭವಾದದ್ದನ್ನು ನಾನು ಕಲಿತೆ: ನಿಷ್ಠೆ. ರಾಯರು ಪಟ್ಟಿಯ ತುದಿ ಒಳಗೆ ಮಡಚಿ ಎಂದರೆ ನಾನು ಮಡಚಿ ಹೊಲಿಗೆಯನ್ನೂ ಹಾಕಿದೆ. ನೇತಾಡುವುದು ಏನೂ ಇರಕೂಡದು ಎಂದ ಮೇಲೆ, ಜನಿವಾರದ ಗತಿಯೇನು ಎಂಬ ಘನವಾದ ಪ್ರಶ್ನೆಯನ್ನು ಒಂದು ಭಾನುವಾರ ಎಲ್ಲರೆದುರು ಎತ್ತಿದೆ. ರಾಯರು ನಶ್ಯ ಏರಿಸುತ್ತಾ ಯೋಚಿಸಿ, "ಮಾಲಿ ಹಾಂಗ ಕೊರಳಿಗೆ ಹಾಕ್ಕೊಂಡು ಬನೀನೊಳಗ ಇಡು. ಇದನ್ನ ಯಾರೂ ಕೇಳಿದ್ದಿಲ್ಲ ನೋಡು ಇವತ್ತಿನ ತನಕ" ಎಂದರು. ನನಗೆ ಬಹುಮಾನ ಬಂದಷ್ಟು ಸಂತೋಷವಾಯಿತು. ಅವರು ಹೊಗಳಿದ್ದಲ್ಲ ಎಂದು ಸುಧಾ ಹೇಳಿದ ಮೇಲೆಯೇ ಹೊಳೆದದ್ದು.

ಮನೆಯಲ್ಲೂ ಈ ಮಡಿ ಹಬ್ಬಿತು. ಅಡಿಗೆಮನೆಯ ಸೌಟುಗಳನ್ನೆಲ್ಲ ಹಿಡಿ ಬಲಕ್ಕೆ ಬರುವಂತೆ ತೂಗುಹಾಕಿದೆ. ಹೊಸದಾಗಿ ಬಂದಿದ್ದ ಸುಧಾ ಎಡಚಿ ಎಂಬುದು ನನಗೆ ನೆನಪಾಗಲಿಲ್ಲ. ಅವಳು ಒಂದೇ ವಾರದಲ್ಲಿ ಎಲ್ಲವನ್ನೂ ತಿರುಗಿಸಿದಳು. ನಮ್ಮ ಮನೆಯ ಮೊದಲ ಮತಭೇದ ಅದೇ.

ದೊಡ್ಡ ತೊಡಕು ಬಂದದ್ದು ಅಪ್ಪನಿಂದ. ಪರ್ವಕಾಲವಲ್ಲದ ದಿನ ಸಮುದ್ರ ಮುಟ್ಟಕೂಡದು ಎಂದು ನಮ್ಮಲ್ಲಿ ಶಾಸ್ತ್ರ. ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ ಇಂಥ ದಿನಗಳಲ್ಲಿ ಸ್ನಾನ ಮಾಡಬಹುದು. ನಾನೋ ಪ್ರತಿ ಭಾನುವಾರ ಹೊರಡುವವನು.

"ಏನ್‌ಡಾ ಸೀನು, ನಾಳೆ ಅಮಾವಾಸ್ಯೆಯಾ? ಪೌರ್ಣಮಿಯಾ? ಮತ್ತೆ ಯಾತಕ್ಕೋಸ್ಕರ ಸಮುದ್ರ?" ಎಂದು ಅಪ್ಪ ಶನಿವಾರವೇ ಶುರು ಮಾಡುತ್ತಿದ್ದರು. ಕೊನೆಗೆ, "ನಿಮ್ಮ ಆ ರಾಯರು ಮಾಧ್ವರು ಅಂತೀಯಲ್ಲ, ಕರ್ಕೊಂಡು ಬಾ ಅವರನ್ನ. ನಾನೇ ಕೇಳ್ತೀನಿ" ಎಂದರು.

ರಾಯರು ಬಂದರು. ಮಣೆಯ ಮೇಲೆ ಕುಳಿತು, ಕಾಫಿಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದರು. ನನ್ನತ್ತ ಒಂದು ನೋಟ ಬೀರಿದರು. ಅಪ್ಪ ಪ್ರಶ್ನೆ ಇಟ್ಟರು.

"ಆಚಾರ್ರೇ, ನಿಷೇಧ ಇರೋದು ಸ್ನಾನಕ್ಕ" ಎಂದರು ರಾಯರು. "ಸಂಕಲ್ಪ ಇಲ್ಲದ್ದು ಸ್ನಾನ ಹ್ಯಾಂಗಾಗ್ತದ? ನಾವು ಸಂಕಲ್ಪ ಮಾಡಂಗಿಲ್ಲ. ಬನೀನು ಚಡ್ಡಿ ಹಾಕ್ಕೊಂಡು, ಕಬ್ಬಿಣ ಸೀಸ ಕಟ್ಟಿಕೊಂಡು ಬೀಳ್ತೀವಿ. ಇದಕ್ಕ ಶಾಸ್ತ್ರದಾಗ ಹೆಸರೇ ಇಲ್ಲ. ಹೆಸರಿಲ್ಲದ್ದಕ್ಕ ನಿಷೇಧ ಎಲ್ಲಿಂದ ಬರಬೇಕು?"

ಅಪ್ಪನಿಗೆ ಇಂಥ ವಾದವೆಂದರೆ ಹೋಳಿಗೆ ತಿಂದ ಹಾಗೆ. ಮಹಡಿಯ ಕಡೆ ಮುಖ ಮಾಡಿ, ಮಾವನಿಗೆ ಕೇಳಿಸುವ ಹಾಗೆ "ಇದು ಪಾಯಿಂಟು!" ಎಂದರು. ಅಂದಿನಿಂದ ನನ್ನ ಭಾನುವಾರಕ್ಕೆ ಅಡ್ಡಿಯಿರಲಿಲ್ಲ. ಸಂಕಲ್ಪ ಮಾತ್ರ ಮಾಡಿಬಿಡಬೇಡ ಎಂದು ಬಾಗಿಲ ತನಕ ಬಂದು ಎಚ್ಚರಿಸುತ್ತಿದ್ದರು.

ಮತಾಂತರಗೊಂಡವನೇ ಹೆಚ್ಚು ಗಂಧ ಬಳಿದುಕೊಳ್ಳುವುದು. ಒಮ್ಮೆ ಬೊಂಬಾಯಿಯಿಂದ ಒಬ್ಬರು ಗೃಹಸ್ಥರು ನಮ್ಮ ಜೊತೆ ಮುಳುಗಲು ಬಂದಿದ್ದರು. ಹಳದಿ ಬಣ್ಣದ ಫಾರಿನ್ ಸಾಮಾನು, ಕಣ್ಣು ಕುಕ್ಕುವಂಥದ್ದು. ಅವರ ಬೆಲ್ಟಿನ ತುದಿ ಹೊರಗೆ ಇಣುಕುತ್ತಿತ್ತು. ನಾನು ಎಲ್ಲರೆದುರು ಅವರನ್ನು ನಿಲ್ಲಿಸಿ, ಬಲೆ ಹೇಗೆ ಸಿಕ್ಕಿಕೊಳ್ಳುತ್ತದೆ, ಮನುಷ್ಯ ಹೇಗೆ ಸಾಯುತ್ತಾನೆ, ಇತ್ಯಾದಿ ಉಪನ್ಯಾಸ ಕೊಟ್ಟು ದಂಡೆಯಲ್ಲಿ ಕೂರಿಸಿದೆ. ಅವರು ಪಾಪ, ಇಡೀ ಬೆಳಿಗ್ಗೆ ಬಿಸಿಲಿನಲ್ಲಿ ಬಲೆಗಳನ್ನು ನೋಡುತ್ತಾ ಕುಳಿತರು. ರಾಯರು ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, "ಆ ತುದಿ ಮಡಚಿ ಕೊಟ್ಟಿದ್ರ ಆಗ್ತಿತ್ತಲ್ಲೋ" ಎಂದರು. ಆಮೇಲೆ, "ಸೀನು, ನನಗ ಕಾರಣ ಗೊತ್ತು, ಅದಕ್ಕ ಬೈತೀನಿ. ನಿನಗ ಬೈಯೋದಷ್ಟೇ ಗೊತ್ತು" ಎಂದರು.

ಅದನ್ನು ನುಂಗಿಕೊಳ್ಳಲು ಕೊಳದ ನೀರಿಗಿಂತ ಹೆಚ್ಚು ಹೊತ್ತು ಬೇಕಾಯಿತು. ಆದರೆ ಅವತ್ತಿನಿಂದ ನಾನು ಪಟ್ಟಿಗಳನ್ನು ಬಿಟ್ಟು ಮನುಷ್ಯರನ್ನು ನೋಡಲು ಶುರು ಮಾಡಿದೆ. ಯಾರ ಉಸಿರು ಜೋರಾಗಿದೆ, ಯಾರು ಹೆಚ್ಚು ಜೋಕು ಹೇಳುತ್ತಿದ್ದಾರೆ, ಯಾರು ಸುಮ್ಮನಾಗಿದ್ದಾರೆ. ಉಸಿರು ಹಂಚಿಕೊಳ್ಳುವುದೂ ಬಂತು. ದೊರೈಯ ವೀಳ್ಯದೆಲೆ ವಾಸನೆಯ ರಬ್ಬರನ್ನು ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡ ಮೊದಲ ದಿನ ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಸಂಕಲ್ಪಪೂರ್ವಕವಾಗಿ. ಎಂಬತ್ತನೇ ಇಸವಿಯ ನಂತರ ದೊರೈ ಸಿಂಗಪುರದವರಿಂದ ಒಂದೇ ಸಿಲಿಂಡರಿಗೆ ಎರಡು ಬಾಯಿ ಇರುವ ಸಾಧನ ತರಿಸಿದ. ಜೊತೆಗಾರನಿಗೆ ಬೇರೆಯೇ ರಬ್ಬರು! ರಾಯರು ಮೂರು ಭಾನುವಾರ ಅದನ್ನು ತಿರುವಿ ನೋಡಿ, ಇದು ಬೇಡಾದ್ದಲ್ಲ, ಬೇಕಾದ್ದು ಎಂದು ಒಪ್ಪಿದರು. ದೊರೈ ಜೀವಮಾನದಲ್ಲಿ ಗೆದ್ದ ಒಂದೇ ವಾದ ಅದು. ಆ ಸಾಧನ ಕೆಲವು ವರ್ಷ ಮೊದಲೇ ಬಂದಿದ್ದರೆ ಎಂದು ನಾನು ಹೊಟ್ಟೆ ಉರಿಸಿಕೊಂಡೆ.

ರಾಯರು ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಕೆಲವು ತಿಂಗಳು ದಂಡೆಗೆ ಬರಲಿಲ್ಲ. ಮಗಳ ಬಾಣಂತನ ಎಂದರು. ಒಂದು ಶುಕ್ರವಾರ ಬ್ಯಾಂಕಿನ ಕೌಂಟರಿನಾಚೆ ಬಂದು ನಿಂತರು. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಕೈಯನ್ನು ಅಂಗಿಯ ಜೇಬಿನಲ್ಲಿ ಇಟ್ಟಿದ್ದರು.

"ಭಾನುವಾರ ಇಳೀತೀನಿ ಸೀನು. ಈ ಸಲ ನೀ ನನ್ನ ಜೋಡಿ."

ಕೌಂಟರಿನಲ್ಲಿ ಯಾರದೋ ಚೆಕ್ಕಿಗೆ ನಾನು ಹಾಕಬೇಕಾದ ಮೊಹರನ್ನು ನನ್ನ ಅಂಗೈಗೆ ಹಾಕಿಕೊಂಡೆ. ಮನೆಗೆ ಹೋಗಿ ಸುಧಾಳಿಗೆ ಹೇಳಿದೆ, ಅಪ್ಪನಿಗೆ ಹೇಳಿದೆ, ಮಹಡಿ ಹತ್ತಿ ಮಾವನಿಗೂ ಹೇಳಿದೆ. ಅವರಿಗೆ ಏನೆಂದು ಅರ್ಥವಾಗಲಿಲ್ಲ. ಬಡ್ತಿ ಸಿಕ್ಕಿತೆಂದು ತಿಳಿದು ಸಕ್ಕರೆ ಕೊಟ್ಟರು.

ಭಾನುವಾರ ಸಮುದ್ರ ಎಣ್ಣೆ ಸವರಿದಂತೆ ಶಾಂತವಾಗಿತ್ತು. ದೋಣಿಯಲ್ಲಿ ನಾವಿಬ್ಬರು ಮತ್ತು ದೊರೈ. ಮೋಟಾರು ನಡೆಸುತ್ತಿದ್ದವನು ದೊರೈಯೇ. ಲಂಗರು ಬಿಟ್ಟ ಮೇಲೆ ಅವನು ಮುಂದಿನ ತುದಿಯಲ್ಲಿ ಹಗ್ಗ ಸುತ್ತುತ್ತಾ, ಬೆನ್ನು ತಿರುಗಿಸಿ ಕುಳಿತ. ಎಂದಿನಂತೆ ನಾನು ಕಣ್ಣು ಮುಚ್ಚಿ ನನ್ನ ಬಕಲು ಬಿಚ್ಚಿ ಹಾಕಿದೆ. ರಾಯರು ಕಣ್ಣು ಮುಚ್ಚಿದರು. ಬಲಗೈ ಚಡ್ಡಿಯ ಜೇಬಿನಿಂದ ಹೊರಗೆ ಬಂತು.

ಅದು ಬಕಲಿನ ಮೇಲೆ ಬಿದ್ದಿತು, ಜಾರಿತು. ಮತ್ತೆ ಹುಡುಕಿತು. ಬೆರಳುಗಳು ಗಾಳಿಯಲ್ಲಿ ಏನನ್ನೋ ಎಣಿಸುವಂತೆ ನಡುಗುತ್ತಿದ್ದವು. ಬಕಲು ಬಿಚ್ಚಲಿಲ್ಲ. ಅವರು ಎಡಗೈಯನ್ನೂ ತಂದರು. ಕಣ್ಣು ಬಿಟ್ಟು, "ಉಪ್ಪು ಹಿಡಿದದ ನೋಡು, ತುಕ್ಕು" ಎಂದರು. ಬಕಲು ಹಿತ್ತಾಳೆಯದು. ಅದನ್ನು ಅವರೇ ಉಜ್ಜಿ ಎಣ್ಣೆ ಹಾಕಿ ತಂದಿದ್ದರು. ಫಳಫಳ ಹೊಳೆಯುತ್ತಿತ್ತು.

ಅವರು ನನ್ನ ಮುಖ ನೋಡಿದರು. ತಪಾಸಣೆ ಮಾಡಬೇಕಾದವನು ನಾನು. ತೋರಿಸಲಾರದವನು ದಂಡೆಯ ಮೇಲೆ ಎಂಬುದು ಅವರದೇ ಕಟ್ಟಳೆ. ಬೊಂಬಾಯಿಯವರಿಗೆ ಉಪನ್ಯಾಸ ಕೊಟ್ಟ ನಾಲಗೆ ನನ್ನ ಬಾಯಲ್ಲೇ ಇತ್ತು, ಆದರೆ ಹೊರಳಲಿಲ್ಲ. ಇಷ್ಟು ವರ್ಷ ಕಾದು ಪಡೆದ ಜೋಡಿಯ ಸ್ಥಾನ. ಇಳಿದುಬಿಡೋಣ, ಒಂದು ಸಲ ಮಾತ್ರ, ಏನೂ ಆಗುವುದಿಲ್ಲ, ಸಮುದ್ರ ಶಾಂತವಾಗಿದೆ ಎಂದು ಮನಸ್ಸು ಹೇಳಿತು. ಆದರೆ ಆ ಕೈ ನೀರಿನೊಳಗೆ ಬಕಲು ಹುಡುಕುವುದು ನನ್ನ ಕಣ್ಣಿಗೆ ಕಟ್ಟಿತು. ಭಯವಾಯಿತು. ಅವರಿಗೆ ಬೇಡ ಎನ್ನುವುದು ಅದಕ್ಕಿಂತ ದೊಡ್ಡ ಭಯ.

ನಮ್ಮಲ್ಲಿ ಇನ್ನೊಂದು ನಿಯಮವಿತ್ತು. ಯಾರು ಬೇಕಾದರೂ, ಯಾವ ಗಳಿಗೆಯಲ್ಲಾದರೂ, ಇವತ್ತು ನನಗೆ ಬೇಡ ಎನ್ನಬಹುದು. ಆಗ ಜೋಡಿಯಲ್ಲಿ ಇಬ್ಬರೂ ಇಳಿಯುವಂತಿಲ್ಲ. ಕಾರಣ ಕೇಳುವಂತಿಲ್ಲ. ರಾಯರು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದರು. ಆದರೆ ಗಂಡಸರಲ್ಲವೇ ನಾವು, ಇತರ ನಿಯಮಗಳನ್ನೆಲ್ಲ ಕೂದಲೆಳೆ ತಪ್ಪದೆ ಪಾಲಿಸುತ್ತಿದ್ದವರು ಇದನ್ನು ಮಾತ್ರ ಒಬ್ಬರೂ ಬಳಸಿರಲಿಲ್ಲ. ಹೆದರಿಕೆಯಾದರೆ ನೆಗಡಿ ಎನ್ನುತ್ತಿದ್ದೆವು, ಕಿವಿನೋವು ಎನ್ನುತ್ತಿದ್ದೆವು, ಯಾರದಾದರೂ ತಿಥಿ ಹುಟ್ಟಿಸುತ್ತಿದ್ದೆವು.

"ಸಾರ್, ಇವತ್ತು ನನಗೆ ಬೇಡ" ಎಂದೆ.

ದೊರೈ ತಿರುಗಿದ. ಶಾಂತ ಸಮುದ್ರವನ್ನೂ ನನ್ನನ್ನೂ ನೋಡಿದ. ಅವನ ಮುಖ ಅರಳಿತು. "ಎನ್ನ ಸೀನು, ಬಯಂದುಟ್ಟಿಯಾ?" ಹೆದರಿಬಿಟ್ಟೆಯಾ ಎಂದು ಕೇಳಿದ.

"ಕೇಳಬಾರದು ದೊರೈ" ಎಂದರು ರಾಯರು. ನನ್ನತ್ತ ನೋಡಲಿಲ್ಲ. ಇಬ್ಬರ ಬೆಲ್ಟನ್ನೂ ನಾನೇ ಬಿಚ್ಚಿದೆ.

ದಂಡೆಗೆ ಬರುವವರೆಗೂ ದೊರೈ ನಗುತ್ತಲೇ ಇದ್ದ. ಶೆಡ್ಡಿನ ಹತ್ತಿರ ಉಳಿದವರಿಗೆಲ್ಲ ಕೂಗಿ ಹೇಳಿದ. ರಾಯರ ಜೋಡಿಯಾಗಲು ವರ್ಷಗಟ್ಟಲೆ ಪಟ್ಟಿ ಮಡಚಿದ ಸೀನು, ಎಣ್ಣೆಯಂಥ ಸಮುದ್ರ ನೋಡಿ ಹೆದರಿ ವಾಪಸು ಬಂದ. ಜನಿವಾರ ಒದ್ದೆಯಾಗುತ್ತದೆ ಎಂದೋ ಏನೋ ಎಂದು ಇನ್ನೊಬ್ಬ ಸೇರಿಸಿದ. ನಾನೂ ನಕ್ಕೆ. ನಗೆಪಾಟಲಾಗಿ ನನಗೆ ಅಭ್ಯಾಸವಿತ್ತು.

ರಾಯರು ಶೆಡ್ಡಿನ ನೆರಳಿನಲ್ಲಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. ಎದ್ದು ಬಂದರು. ತಮ್ಮ ಆದವಾನಿಯ ತಮಿಳಿನಲ್ಲಿ, "ದೊರೈ, ಅವನ್ ಬಯಪ್ಪಡಲೈ. ಎನ್ ಕೈ ನಿಕ್ಕಲೈ" ಎಂದರು. ಅವನು ಹೆದರಿಲ್ಲ, ನನ್ನ ಕೈ ನಿಲ್ಲುತ್ತಿಲ್ಲ.

ಹೇಳಿ ಬಲಗೈಯನ್ನು ಎಲ್ಲರ ನಡುವೆ ಚಾಚಿದರು. ನಮ್ಮ ಸೀಸದ ಗುಂಡುಗಳನ್ನೆಲ್ಲ ಎರಕ ಹೊಯ್ದ ಕೈ ಅದು, ಒಂದು ಕ್ಷಣವೂ ನಿಲ್ಲದೆ ಅಲುಗಾಡುತ್ತಿತ್ತು. ದೊರೈ ಕತ್ತಿನ ಪೀಪಿಯನ್ನು ತೆಗೆದು ಹಿಡಿದುಕೊಂಡು, ಏನು ಮಾಡಬೇಕೆಂದು ತಿಳಿಯದೆ ನಿಂತ.

ನನಗೆ ಅಳು ಬಂತು. ಅದನ್ನು ತಡೆಯಲು ಜಗಳ ತೆಗೆದೆ. "ಏನ್ ಸಾರ್ ಇದು? ಕಾರಣದ ಮಾತೇ ಬೇಡ ಅಂತ ನಿಯಮ ಮಾಡಿದ್ದು ನೀವೇ ಅಲ್ಲವಾ?"

"ಕೇಳಬಾರದು ಅಂತ ಮಾಡೀನಿ" ಎಂದರು ರಾಯರು. "ಹೇಳಬಾರದು ಅಂತ ಎಲ್ಲಿ ಮಾಡೀನಿ?"

ಆ ಕೈಯನ್ನು ತಂದು ನನ್ನ ಹೆಗಲ ಮೇಲೆ ಇಟ್ಟರು. ಅದು ಅಲ್ಲಿಯೂ ನಡುಗುತ್ತಲೇ ಇತ್ತು. ನಾನು ಅಲುಗಾಡದೆ ನಿಂತೆ.